ಹಸಿದ ಕೌದಿ

ಗದಗಿನ ಕಡೆಯ ಪ್ರೇಮಕ್ಕ ಜೀವನ್ ಬಿಮಾ ನಗರಕ್ಕೆ ಬಂದು ಹತ್ತು ವರ್ಷವಾಗಿದ್ದರೂ, ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. “ಉಟ್ಟ ಅರಿವಿ ಕೊಟ್ಟು ಡಬರಿ ತಗೋತಾರ, ಬುದ್ಧಿಗೇಡಿಗಳು” ಎಂದು ಬೈಯುತ್ತಲೇ ಅಕ್ಕಪಕ್ಕದವರ ಹರಿದ ಸೀರೆಗಳನ್ನು ಕೇಳಿ ತಂದು, ತುಂಡಿಗೆ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು.

ತೊಂಬತ್ತೆಂಟರಲ್ಲಿ ಮಹದೇವಪುರದ ವಸಂತ್, ತೀರಿಕೊಂಡ ತಾಯಿ ಪಟಾಲಮ್ಮನ ಸೀರೆಗಳನ್ನು ತಂದುಕೊಟ್ಟ. ಅವನು ಕೌದಿ ಒಯ್ಯಲು ಬಂದ ದಿನ ಒಂದು ಮೂಲೆಯ ಹೊಲಿಗೆ ಮಾತ್ರ ಬಾಕಿಯಿತ್ತು. ಪ್ರೇಮಕ್ಕ ರೊಟ್ಟಿ ಚೂರು, ಬೆಲ್ಲ ಇದ್ದ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

“ಒಂದು ತುತ್ತು ಒಳಗಿಟ್ಟು ಮೂಲಿ ಮುಚ್ಚಬೇಕಪ್ಪಾ. ಕೌದಿ ಹಸಕೊಂಡಿರಬಾರದು, ನಮ್ಮ ಕಡೆ ಪದ್ಧತಿ. ನಿಮ್ಮವ್ವನ ಸೀರಿ, ನೀನ ಇಡು.”

ವಸಂತ್ ಬೆಲ್ಲದ ಚೂರು ಎತ್ತಿಕೊಂಡ. ಮೂಲೆಯವರೆಗೆ ಹೋದ ಕೈ ಅಲ್ಲೇ ನಿಂತಿತು.

“ಶುಗರ್ ಜಾಸ್ತಿ ಆಗಿದೆ ಅಂತ ಬೆಲ್ಲ, ಸಕ್ಕರೆ ಎಲ್ಲ ಬೀರುಲಿಟ್ಟು ಬೀಗ ಹಾಕಿದ್ದೆ ಅಕ್ಕ. ಕೊನೇ ದಿನ ಅಮ್ಮ ಒಂದ್ ಚೂರು ಬೆಲ್ಲ ಕೊಡೋ ಅಂದ್ಲು. ಗದರಿಬಿಟ್ಟೆ.”

ಯಾರನ್ನೂ ಬೈಯದೆ ಬಿಡದ ಪ್ರೇಮಕ್ಕ ಅವನನ್ನು ಬೈಯದೆ ಸೂಜಿಗೆ ದಾರ ಪೋಣಿಸಿದಳು. ಅವನು ಬೆಲ್ಲವನ್ನು ತಟ್ಟೆಗೆ ವಾಪಸು ಇಟ್ಟು, ಕೌದಿ ಮಡಚಿ ಎದೆಗವಚಿಕೊಂಡು ಎದ್ದ.

“ಮೂಲೆ ಹಂಗೇ ಇರ್ಲಿ ಅಕ್ಕ. ಈಗಿಟ್ರೆ ಯಾರು ತಿಂತಾರೆ?”

ದಾರ ಪೋಣಿಸಿದ ಸೂಜಿ ಅವಳ ಬೆರಳಲ್ಲೇ ಉಳಿಯಿತು. ಅವಳ ಕೈಯಿಂದ ಹಸಿದು ಹೋದ ಕೌದಿ ಅದೊಂದೇ.