ಆರು ಕರೆಂಟು, ಒಂದು ಬದುಗಲ್ಲು

ಆಗ ನಾನು ಮಾನಸಿಕ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೊಸ ಮಾತ್ರೆಗಳು ಇನ್ನೂ ನಮ್ಮ ಬೀರು ಸೇರಿರಲಿಲ್ಲ, ಬೇಸರದ ಕಾಯಿಲೆಗೆ ತಲೆಗೆ ಕರೆಂಟ್ ಕೊಡೋದೇ ದೊಡ್ಡ ಮದ್ದು. ಮನೆಗೆ ಹೋದವರು ಹೇಗಿದ್ದಾರೆ ಅಂತ ಸೈಕಲ್ ತುಳಿದು ನೋಡಿಬರೋದನ್ನೂ ನನ್ನ ತಲೆಗೇ ಕಟ್ಟಿದ್ದರು.

ಊಟ, ಮಾತು ಬಿಟ್ಟು ಗೋಡೆ ನೋಡುತ್ತ ಕೂತಿದ್ದ ಅಟ್ಟೂರಿನ ಮುನಿಯಪ್ಪ, ಆರು ಸಲ ಕರೆಂಟ್ ಕೊಟ್ಟ ಮೇಲೆ, ನಾನು ಅವನ ಮನೆಗೆ ಹೋದಾಗ ತಮ್ಮನ ಪಕ್ಕ ಕೂತು ಮುದ್ದೆ ನುಂಗುತ್ತಿದ್ದ. ನನ್ನ ಹೆಸರನ್ನು ಮಾತ್ರ ಮೂರು ಸಲ ಕೇಳಿದ. 'ಮರೆವು ಜಾಸ್ತಿ' ಅಂತ ಬರೆಯಲು ಹೊರಟೆ. ಅವನ ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ ತಡೆದಳು.

"ಬರೀಬ್ಯಾಡಿ ಸಾಮಿ. ತಮ್ಮನ ಜತೆ ಜಗಳ ಆಡಿದ್ದೂ ಮರ್ತವ್ರೆ. ಐದು ವರ್ಸ ಆದ್ಮೇಲೆ ಇಬ್ರೂ ಒಟ್ಗೆ ಉಣ್ತಾವ್ರೆ. ಡಾಕ್ಟ್ರು ನೆನಪು ವಾಪಸ್ ಬರಿಸ್ಬಿಟ್ಟಾರು."

ಊಟ ಮುಗಿಸಿದ ತಮ್ಮ ಸೈಕಲ್ ತನಕ ನನ್ನ ಹಿಂದೆ ಬಂದ.

"ಸಾಮಿ, ನಂಗೂ ಎಲ್ಡು ಕರೆಂಟ್ ಕೊಡಿಸ್ತೀರಾ? ಅಣ್ಣನ ಹೊಲದೊಳಕ್ಕೆ ಬದುಗಲ್ಲು ಸರಿಸ್ದೋನು ನಾನು. ಅಣ್ಣಂಗೆ ಮರ್ತೋಗೈತೆ, ನಂಗೆ ನೆನಪೈತೆ. ನಿದ್ದೆ ಬರಾಕಿಲ್ಲ."

"ಕಲ್ಲು ವಾಪಸ್ ಇಟ್ಬಿಡಪ್ಪ, ನಿದ್ದೆ ಬರುತ್ತೆ."

ಅವನು ಹೊಲದ ಕಡೆ ತಿರುಗಿ ತುಂಬ ಹೊತ್ತು ನೋಡಿದ.

"ಬ್ಯಾಡ ಸಾಮಿ, ಕರೆಂಟೇ ವಾಸಿ."