ಮೂರನೇ ಹಂತದ ಹೊಂಡ

ನಾನೂ ನನ್ನ ಹೆಂಡತಿಯೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದೆವು. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಅದು ಹುಟ್ಟಿದ್ದು. ಒಂದು ಆಡಿನ ಮರಿ, ಹಲಸಿ ಊರಿನ ಹಳೆಯ ಗುಡಿಗಳಂಥ ಕಲ್ಲುಕಟ್ಟಡಗಳ ಮೇಲೆ ನಿಲ್ಲದೆ ಓಡುತ್ತ, ಜಿಗಿಯುತ್ತ ಹೋಗಬೇಕು, ಕತೆ ಅಷ್ಟೇ. ನಾವು ಚಿಕ್ಕವರಿದ್ದಾಗ ಟಿವಿಗೆ ವಾಯರ್ ಸಿಕ್ಕಿಸಿ ಆಡುತ್ತಿದ್ದ ಆಟಗಳ ಹಾಗೆ ಚೌಕ ಚೌಕ ಚುಕ್ಕಿಗಳ ಚಿತ್ರ, ಪೀಂ ಪೀಂ ಸಂಗೀತ. ಚಿತ್ರ, ಸಂಗೀತ ಅವಳದು. ಓಟ, ಜಿಗಿತ, ವೇಗ ನನ್ನದು. ವೇಗದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು.

ಆಟ ಬಿಡುಗಡೆಯಾದ ವಾರವೇ ವಿಮರ್ಶೆಗಳು ಬರತೊಡಗಿದವು. ಯಾವುದೋ ದೇಶದ, ಮುಖ ಕಾಣದ ಜನ ನಮ್ಮ ಆಡಿನ ಮರಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದರು. ಬಣ್ಣ ಚೆಂದ, ಸಂಗೀತ ತಲೆಯಿಂದ ಇಳಿಯುವುದೇ ಇಲ್ಲ, ಓಟದ ಮಜವೇ ಬೇರೆ ಎಂದೆಲ್ಲ ಹೊಗಳಿ, ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಮುಗ್ಗರಿಸಿದ್ದರು: ಮೂರನೇ ಹಂತ. ಅಲ್ಲಿ ಮರಿ ಎಷ್ಟು ಜೋರಾಗಿ ಓಡುತ್ತದೆಂದರೆ, ಹೊಂಡ ಪರದೆಯ ಮೇಲೆ ಕಾಣುವ ಹೊತ್ತಿಗೆ ಅದರೊಳಗೆ ಬಿದ್ದಾಗಿರುತ್ತದೆ. ಕಷ್ಟವಾದರೆ ಒಪ್ಪೋಣ, ಇದು ಅನ್ಯಾಯ ಎಂದಿದ್ದರು.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಸಿಟ್ಟಿಗಿಂತ ಕುತೂಹಲ ಹೆಚ್ಚು ಕಾಡಿತು. ಯಾಕೆಂದರೆ ಬಿಡುಗಡೆಗೆ ಮುಂಚೆ ಖಾನಾಪುರದ ನನ್ನ ಸೋದರತ್ತೆಯ ಮನೆಗೆ ಲ್ಯಾಪ್‌ಟಾಪ್ ಒಯ್ದು, ನೆಂಟರಿಷ್ಟರಿಂದೆಲ್ಲ ಆಟ ಆಡಿಸಿ ನೋಡಿದ್ದೆವು. ಒಬ್ಬರೂ ನನ್ನ ಮುಂದೆ ಹೊಂಡದ ಸುದ್ದಿ ಎತ್ತಿರಲಿಲ್ಲ. "ಭಾಳ ಛಲೋ ಆಗೇತಿ" ಎಂದು ಬೆನ್ನು ತಟ್ಟಿ ಹೋಗಿದ್ದರು.

ಹೆಂಡತಿ ಮಾತ್ರ ತಿರುಗಿ ಬರುವಾಗ ಬಸ್ಸಿನಲ್ಲಿ, "ಮೂರನೇದ್ರಾಗ ಯಾರಿಗೂ ಹೊಂಡ ಕಾಣವಲ್ದಂತ್ರೀ, ಸ್ವಲ್ಪ ನಿಧಾನ ಮಾಡ್ರಿ" ಎಂದಿದ್ದಳು.

"ನನ್ನ ಮುಂದ ಯಾರೂ ಹಂಗ ಅಂದಿಲ್ಲಲ್ಲ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ನಾನು ನಕ್ಕಿದ್ದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಈಗ ವಿಮರ್ಶೆ ಓದಿದ ಮೇಲೆ ಒಂದೇ ಪ್ರಶ್ನೆ: ನಮ್ಮ ಖಾನಾಪುರದವರ ಕಣ್ಣು ಅಷ್ಟು ಚುರುಕೋ, ಆ ವಿಮರ್ಶಕರ ಬೆರಳೇ ಮಂದವೋ? ಉತ್ತರ ಸಿಕ್ಕರೆ ವೇಗವನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು. ಭಾನುವಾರ ಬೆಳಿಗ್ಗೆ ಒಬ್ಬನೇ ಲ್ಯಾಪ್‌ಟಾಪ್ ಹಿಡಿದು ಹೊರಟೆ.

ಅತ್ತೆ ಚಹಾ ಕೊಟ್ಟರು. ನಾನು ಅವರ ಮುಂದೆ ಮೂರನೇ ಹಂತ ತೆರೆದಿಟ್ಟೆ. ಮರಿ ಓಡಿತು, ಬಿತ್ತು. ಮತ್ತೆ ಓಡಿತು, ಮತ್ತೆ ಬಿತ್ತು. ಪ್ರತಿ ಸಲ ಬಿದ್ದಾಗಲೂ ಅತ್ತೆ ನನ್ನ ಕಡೆ ನೋಡಿ, "ಭಾಳ ಛಲೋ ಐತಿ ತಮ್ಮಾ" ಎನ್ನುತ್ತಿದ್ದರು.

"ಅತ್ತಿ, ಖರೇ ಹೇಳ್ರಿ. ಹೊಂಡ ಕಾಣತೈತೇನು?"

"ಎಲ್ಲಿ ಕಾಣತೈತಿ! ಯಾರಿಗೂ ಕಾಣೂದಿಲ್ಲ."

"ಮತ್ತ ಆವತ್ತ ಯಾಕ ಹೇಳಲಿಲ್ರಿ?"

ಅತ್ತೆಗೆ ನಿಜವಾಗಿ ಆಶ್ಚರ್ಯವಾಯಿತು. "ಹೇಳೇವಲ್ಲೋ! ನಿನ್ನ ಹೇಣ್ತಿಗೆ ಹೇಳೇವಿ. ಅಡಗಿ ಮನ್ಯಾಗ ನಿಂದ್ರಿಸಿಕೊಂಡು ಎಲ್ಲಾರೂ ಹೇಳೇವಿ. ಮನಿ ಮಗಾ ಮಾಡಿದ್ದಕ್ಕ ಅವನ ಮುಂದನ ತಪ್ಪ ತಗದು ಹೆಂಗ ಹೆಸರಿಡೂದು? ಸೊಸಿಗೆ ಅಂದ್ರ ನಡೀತೈತಿ."

ನಮ್ಮ ಮನೆತನದ ರೀತಿಯೇ ಇದು. ಸಾರಿಗೆ ಉಪ್ಪು ಕಡಿಮೆಯಾದರೆ, ಒಲೆಯ ಮುಂದೆ ಯಾರೇ ನಿಂತಿರಲಿ, ಸೊಸೆಯನ್ನು ಕರೆದು ಹೇಳುತ್ತಾರೆ. ಮಗ ಮಾಡಿದ್ದು ಯಾವತ್ತೂ ಛಲೋ. ಆವತ್ತು ಒಂದೇ ಮನೆಯಲ್ಲಿ ಎರಡು ವಿಮರ್ಶೆ ನಡೆದಿತ್ತು. ಪಡಸಾಲೆಯದು ನನಗೆ ಬಂತು, ಅಡುಗೆಮನೆಯದು ಅವಳಿಗೆ. ವೇಗ ನನ್ನದು, ಬೈಗುಳ ಅವಳದು. ಮದುವೆಯಾಗಿ ಎಂಟು ವರ್ಷವಾದರೂ ನನಗಿದು ಹೊಳೆದಿರಲಿಲ್ಲ. ಬಸ್ಸಿನಲ್ಲಿ ಹೇಳಿದ ಗಾದೆ ನೆನಪಾಗಿ ನಾಚಿಕೆಯಾಯಿತು. ಅತ್ತೆ ಊಟಕ್ಕೆ ನಿಲ್ಲು ಎಂದರೂ ನಿಲ್ಲಲಿಲ್ಲ.

ಬೆಳಗಾವಿಗೆ ಬಂದಾಗ ಮಧ್ಯಾಹ್ನ. ಅವಳು ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಯಾವುದೋ ಸಂಗೀತ ತಿದ್ದುತ್ತಿದ್ದಳು. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ.

"ತಪ್ಪು ನಂದು. ನೀ ಹೇಳಿದ್ದು ಖರೇ ಇತ್ತು. ಅಡಗಿ ಮನ್ಯಾಗ ಏನೇನಂದ್ರು, ಈಗ ಎಲ್ಲಾ ಹೇಳು" ಎಂದೆ.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

"ಮೂರನೇ ಹಂತದ್ದಷ್ಟ ಹೇಳ್ಲೇನ್ರಿ," ಎಂದಳು, "ಎಂಟೂ ವರ್ಷದ್ದು ಹೇಳ್ಲಿ?"

ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತೆ. "ಎಂಟೂ ವರ್ಷದ್ದ ಹೇಳು" ಎಂದೆ.

ಅವಳು ಮದುವೆಯಾದ ವಾರದ ಹೋಳಿಗೆಯಿಂದ ಶುರು ಮಾಡಿದಳು.