ಲೀಡರ್ ಮೆರವಣಿಗೆಯಲ್ಲಿ ನಮ್ಮ ಕಾಲುವೆ ಹಾಡು

ಗೆಳೆಯರೇ, ಕಾಲುವೆಯ ಕೊನೆಯ ಊರುಗಳಿಗೆ ನೀರು ತಲುಪಿಸದ ಲೀಡರುಗಳನ್ನು ಬೈದು ನಮ್ಮ ಬ್ಯಾಂಡ್ ಮಾಡಿದ ರಾಕ್ ಹಾಡು ಹಿಟ್ ಆಗಿದ್ದು ನಿಮಗೆ ಗೊತ್ತೇ ಇದೆ. ಇವತ್ತು ಸಿಂಧನೂರಿನಲ್ಲಿ ಅಂಥ ಲೀಡರೊಬ್ಬರ ಮೆರವಣಿಗೆಯಲ್ಲಿ ಅದೇ ಹಾಡು ಮೊಳಗುತ್ತಿತ್ತು! ಓಡಿಹೋಗಿ ಡಿಜೆ ಗಾಡಿ ತಡೆದೆ.

“ಏ, ಬಂದ್ ಮಾಡೋ. ಇದರಾಗ ನಿಮ್ಮ ಸಾಹೇಬ್ರನ್ನೇ ಬೈದೀವಿ.”

“ಬೈದ್ರ ಬೈರಿ ಅಣ್ಣಾ, ಜನ ಕುಣಿಯಾಕತ್ತಾರ,” ಎಂದ ಡಿಜೆ.

ಅಷ್ಟರಲ್ಲಿ ಲೀಡರೇ ಜೀಪಿನಿಂದಿಳಿದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. “ಬರೆದಾಂವ ನೀನೇ ಏನಪಾ? ಆ ವಿರೋಧಿಗಳ ಮಾರಿಗೆ ಹೊಡದಂಗ ಬರದೀ!”

“ಸಾಹೇಬ್ರ, ಇದು ನಿಮ್ಮ ಮ್ಯಾಲೇ ಬರೆದದ್ದು ರೀ.”

“ಭಾಳ ಮಜಾಕ್ ಮಾಡ್ತೀ ನೀ!” ಎಂದು ಹೊಟ್ಟೆ ಹಿಡಿದು ನಕ್ಕು, ತಮ್ಮ ಕೊರಳಿನ ಹಾರವನ್ನೇ ತೆಗೆದು ನನಗೆ ಹಾಕಿದರು. ಆ ಫೋಟೊ ಸಂಜೆಯೊಳಗೆ ಎಲ್ಲ ಗ್ರೂಪುಗಳಿಗೂ ಹೋಯಿತು.

ನಮ್ಮ ಡ್ರಮ್ಮರ್ ಕಾಲುವೆಯ ಕೊನೆಯ ಊರಾದ ವಳಕಮದಿನ್ನಿಯವನು. ಅವನ ಗದ್ದೆಗೆ ಈ ಸಲವೂ ನೀರು ಬಂದಿಲ್ಲ. ಫೋನ್ ಮಾಡಿ, “ಅವರ ಪಾರ್ಟಿ ಯಾವಾಗ ಸೇರಿದಿಲೇ?” ಎಂದವನೇ ನನ್ನ ಉತ್ತರ ಕೇಳದೆ ಕಟ್ ಮಾಡಿದ.

ನಾನು ಯಾವ ಪಾರ್ಟಿಯನ್ನೂ ಸೇರಿಲ್ಲ, ಮಾರಾಯರೇ. ಇನ್ನು ಮೇಲೆ ಹಾಡು ಬರೆದರೆ, ಬೈಸಿಕೊಳ್ಳುವವರ ಹೆಸರು, ಓಣಿ, ಮನೆ ನಂಬರ್ ಎಲ್ಲವನ್ನೂ ಪಲ್ಲವಿಯಲ್ಲೇ ಸೇರಿಸುತ್ತೇನೆ.